ಟೀ ಅಂಗಡಿಗೆ ಬಿಗಿದ ತಂತಿ

ಕಣ್ಣಿಲ್ಲದವನಿಗೆ ದಾರಿ ಮಾಡಿಕೊಡುವುದು ದೊಡ್ಡ ವಿಷಯವೇನಲ್ಲ ಎಂದು ನಾನು ನಂಬಿದ್ದೆ. ಗಣಿಯ ವರ್ಕ್‌ಶಾಪಿನ ಫಿಟ್ಟರಾದ ನನಗೆ ಒಂದಿಷ್ಟು ತಂತಿ ಸಿಕ್ಕರೆ ಸಾಲದೇ!

ನನ್ನ ಬಾಮೈದ ನಾರಾಯಣಪ್ಪನ ಕಣ್ಣು ಗಣಿಯೊಳಗೆ ಸಿಡಿಮದ್ದಿಗೆ ಹೋಗಿತ್ತು. ಗಣಿ ಕೆಲಸಗಾರರ ಸಾಲುಮನೆಗಳ ಉರಿಗಾಂ ಲೈನಿನಲ್ಲಿ, ನಮ್ಮ ಮನೆಯಲ್ಲೇ ಇದ್ದ. ಅವನಣ್ಣ ಭಾನುವಾರ ಬಂದು ಬಂಗಾರಪೇಟೆ ಕಡೆಯ ಹಳ್ಳಿಗೆ ಕರೆದೊಯ್ಯುವವನಿದ್ದ.

"ಅಲ್ಲಿಗೋದ್ರೆ ಜಗುಲಿ ಮ್ಯಾಲೆ ಕೂರ್ಸಿಬುಡ್ತಾರೆ ಭಾವ. ಟೀ ಅಂಗಡಿಗೆ ಒಬ್ನೇ ಓಗ್ಬಂದು ತೋರ್ಸಿದ್ರೆ ಅಣ್ಣ ಇಲ್ಲೇ ಬುಡ್ತಾನೆ" ಎಂದ.

ನಮ್ಮ ಬಾಗಿಲಿನಿಂದ ತಿರುವಿನಾಚೆಯ ಟೀ ಅಂಗಡಿಯವರೆಗೆ ಗೂಟ ನೆಟ್ಟು, ಎದೆಯೆತ್ತರಕ್ಕೆ ತಂತಿ ಬಿಗಿದೆ. ನಾರಾಯಣಪ್ಪ ಅದನ್ನು ಹಿಡಿದು ಹೋದ. ಟೀ ಕುಡಿದು, ಮೀಸೆ ಒರೆಸುತ್ತ ಹಿಂತಿರುಗಿದ. ನನ್ನ ಹೆಂಡತಿ ಮುನಿರತ್ನ ಸಂತೋಷಕ್ಕೆ ಅತ್ತಳು. ನಾನು ಸನ್ಮಾನಕ್ಕೆ ಸಿದ್ಧನಾದೆ!

ಆದರೆ ಲೈನಿನಲ್ಲಿ ಬಿಗಿದ ತಂತಿಗೆ ಇರುವುದು ಒಂದೇ ಅರ್ಥ. ಮರುದಿನ ಅದರ ತುಂಬ ಒದ್ದೆ ಬಟ್ಟೆ! ಪಕ್ಕದ ಮನೆಯ ಸೆಲ್ವಿಯಮ್ಮನನ್ನು ಕೇಳಿದೆ.

"ಅಯ್ಯೋ ಅಣ್ಣಾ, ಅವ್ರಿಗೆ ಕಾಣಲ್ಲ ಅಂತ ನಮಗೂ ಕಾಣಲ್ವಾ? ಇಷ್ಟೊಳ್ಳೆ ತಂತಿ ಸುಮ್ನೆ ಬಿಡಕ್ಕಾಗ್ತದಾ?"

ಭಾನುವಾರ ಬಟ್ಟೆಗಳನ್ನೆಲ್ಲ ತೆಗೆಸಿದೆ. ಅಣ್ಣ ಬಂದ. ನಾರಾಯಣಪ್ಪ ಬಿಳಿ ಅಂಗಿ ತೊಟ್ಟು ಹೊರಟ. ನಾವೆಲ್ಲ ಹಿಂದೆ. ತಂತಿಯನ್ನು ಮತ್ತೊಮ್ಮೆ ನೋಡಲಿಲ್ಲ. ಬಿಗಿದವನು ನಾನಲ್ಲವೇ!

ತಿರುವು ದಾಟಿದ ಮೇಲೆ ಕಂಡಿತು. ಬಟ್ಟೆಗೆ ಬಿಸಿಲು ಸಾಲದೆಂದು ಯಾರೋ ಕೊನೆಯ ಗೂಟಗಳನ್ನು ಕಿತ್ತು ಹೆಂಗಸರ ಕಕ್ಕಸಿನ ಬಾಗಿಲ ಪಕ್ಕ ನೆಟ್ಟಿದ್ದರು. ನಾರಾಯಣಪ್ಪ ತಲೆಯೆತ್ತಿ ಅತ್ತಲೇ ನಡೆಯುತ್ತಿದ್ದ.

"ಎಡಕ್ಕೆ ಬಾರಲಾ!" ಎಂದರೊಬ್ಬರು. "ವಲದು ಪಕ್ಕಂ!" ಎಂದು ತಮಿಳಿನಲ್ಲಿ ಬಲಕ್ಕೆ ಕರೆದರು ಇನ್ನೊಬ್ಬರು. "ಆಗಯ್ಯಾ!" ಎಂದು ತೆಲುಗಿನಲ್ಲಿ ನಿಲ್ಲಲು ಕೂಗಿದರು ಮತ್ತೊಬ್ಬರು. ಅವನು ನಂಬಿದ್ದು ತಂತಿಯನ್ನು. ಒಳಗೇ ಹೋದ. ಕಿರುಚಾಟ ಕೇಳಿತು, ನೀರಿನ ಸಮೇತ ಒಂದು ಚೊಂಬು ಹೊರಗೆ ಬಂತು!

ಬೀದಿ ನಕ್ಕಿತು. ಮೊದಲು ನಕ್ಕವನು ನಾನೇ ಎಂದು ಮುನಿರತ್ನ ಹೇಳುತ್ತಾಳೆ. ಅಲ್ಲ. ನಾನು ಎರಡನೆಯವನು.

ನಾರಾಯಣಪ್ಪ ತೊಯ್ದ ಅಂಗಿಯಲ್ಲಿ ಹೊರಬಂದ. ಕೈ ಇನ್ನೂ ತಂತಿಯ ಮೇಲಿತ್ತು.

"ತಂತಿ ಬಿಗಿಯಾಗೇ ಐತೆ ಭಾವ" ಎಂದ.

ಅಣ್ಣ ಬಂದು ಅವನ ಕೈ ಹಿಡಿದ. ಅವನು ಬಿಡಿಸಿಕೊಳ್ಳಲಿಲ್ಲ. ಸಂಜೆಯ ರೈಲಿಗೆ ಇಬ್ಬರೂ ಬಂಗಾರಪೇಟೆಗೆ ಹೋದರು.

ಆ ವಾರವೇ ಸೆಲ್ವಿಯಮ್ಮ ಬಂದಳು. "ಅಣ್ಣಾ, ಜಾಗ ಸಾಲ್ತಿಲ್ಲ. ಇನ್ನೊಂದು ತಂತಿ ಕಟ್ಕೊಡಿ."

ಕಟ್ಟಿಕೊಟ್ಟೆ. ಈ ಸಲ ಗೂಟಗಳನ್ನು ಯಾರೂ ಅಲುಗಿಸಲಾಗದಂತೆ ಸಿಮೆಂಟಿನಲ್ಲಿ ಹೂತೆ. ಒಣಹಾಕಿದ ಸೀರೆಗಳು ದಾರಿ ತಪ್ಪಬಾರದಲ್ಲ!