ಆಸ್ಟರ್ ಗಿಡಗಳ ನಿದ್ದೆಗೆಡಿಸಿದ ಬೀದಿದೀಪದವರಿಗೆ

ಶೆಟ್ಟಿಹಳ್ಳಿಯ ಸಮಸ್ತ ಮಹಾಜನರೇ, ಬೆಳಗಿನ ವಾಕಿಂಗ್ ನೆಪದಲ್ಲಿ ಪರರ ಕಾಂಪೌಂಡಿನ ಹೂ ಬಿಡಿಸಿ ದೇವರಿಗೆ ಎಸಳನ್ನೂ ನಮಗೆ ತೊಟ್ಟನ್ನೂ ಸಮನಾಗಿ ಹಂಚುವ ಭಕ್ತರೇ, ಗೇಟಿನ ಬಳಿ ಮಲಗಿ ಕಳ್ಳರನ್ನು ಬಿಟ್ಟು ಪೋಸ್ಟ್‌ಮನ್‌ಗೆ ಮಾತ್ರ ಬೊಗಳುವ ನಾಯಿಗಳೇ, ತಾವೆಲ್ಲ ಸಾಕ್ಷಿಯಾಗಿ ನಿಲ್ಲಬೇಕೆಂದು ಕೋರಿ, ಈ ಬಹಿರಂಗ ಪತ್ರವನ್ನು ನಮ್ಮ ಮನೆಯೆದುರಿನ ಕಂಬದ ತುದಿಯಲ್ಲಿ ಪ್ರತಿಷ್ಠಾಪಿತರಾಗಿರುವ ಎಲ್‌ಇಡಿ ಬೀದಿದೀಪದವರ ಪಾದಗಳಿಗೆ, ಅಂದರೆ ಕಂಬದ ಬುಡಕ್ಕೆ, ಅರ್ಪಿಸುತ್ತಿದ್ದೇನೆ.

ಮಾನ್ಯರೇ,

ತಾವು ಕ್ಷೇಮವೆಂದು ಭಾವಿಸಿ, ನಮ್ಮ ಕ್ಷೇಮಸಮಾಚಾರವನ್ನು ತಿಳಿಸಲು ಅಪ್ಪಣೆ ಬೇಡುತ್ತೇನೆ. ನಾನು ಕನ್ನಡ ಮಾಧ್ಯಮದ ಬಿ.ಎ. ಪದವೀಧರ, ಪ್ರಾಸ ಸಿಕ್ಕರೆ ಊಟ ಮರೆಯುವವನು, ಆದ್ದರಿಂದ ನಡುವೆ ಎಲ್ಲಾದರೂ ಪದ್ಯ ನುಸುಳಿದರೆ ಮನ್ನಿಸಬೇಕು.

ನನ್ನ ಹೆಂಡತಿ ಸರ್ವಮಂಗಳಳ ತಂಗಿ ಮಾಲಿನಿ ಗುಬ್ಬಿಯ ಕಡೆ ಹೂವಿನ ತೋಟ ಮಾಡಿಸುತ್ತಾಳೆ. ಪ್ರತಿವರ್ಷ ಆಯುಧಪೂಜೆಗೆ ಒಂದು ಚೀಲ ಹೂವನ್ನು ಬಸ್ಸಿಗೆ ಹಾಕಿ ಕಳಿಸುವುದು, ಅದು ತಲುಪುವ ಮೊದಲೇ ಫೋನು ಮಾಡಿ, “ಏನ್ ಭಾವ, ನಿಮ್ ಮನೇಲಿ ಈ ಸಲನೂ ಬರೀ ಕುಂಡನೇ ಬೆಳೆದ್ರಾ?” ಎಂದು ಕೇಳುವುದು ಆಕೆಯ ವ್ರತ. ಸರ್ವಮಂಗಳ ನಗುತ್ತಾಳೆ. ಆದರೆ ಹೂವಿನ ಮನೆಯಲ್ಲೇ ಹುಟ್ಟಿ ಬೆಳೆದವಳು, ಚೀಲ ಬಂದ ಮೇಲೂ ಬಹಳ ಹೊತ್ತು ಅದರ ಬಾಯಿ ಬಿಚ್ಚುವುದಿಲ್ಲ. ಅದನ್ನು ನೋಡಲಾರದೆ ನಾನು ಈ ವರ್ಷ ಶಪಥ ಮಾಡಿದೆ: ಹೂವಿನ ಚೀಲ ಇನ್ನು ಮುಂದೆ ಇಲ್ಲಿಂದ ಗುಬ್ಬಿಗೆ ಹೋಗತಕ್ಕದ್ದು. ಮಳೆಗಾಲ ಕಳೆದು ಚಳಿ ಕಾಲಿಡುವಾಗ ಅರಳುವ ನೇರಳೆ ಆಸ್ಟರ್ ಸಸಿಗಳನ್ನು ನರ್ಸರಿಯಿಂದ ತಂದು, ಕಾಂಪೌಂಡಿನ ಉದ್ದಕ್ಕೂ ನೆಟ್ಟು, ಮಕ್ಕಳಿಗಿಂತ ಹೆಚ್ಚಾಗಿ ಸಾಕಿದೆ.

ಗಣೇಶನ ಹಬ್ಬದ ಹಿಂದಿನ ವಾರ ತಾವು ಬಂದಿರಿ. ಆಹಾ, ಏನು ತಮ್ಮ ತೇಜಸ್ಸು! ರಾತ್ರಿ ನಮ್ಮ ಜಗಲಿಯಲ್ಲಿ ರಾಗಿ ಆರಿಸಬಹುದಿತ್ತು, ಪಕ್ಕದ ಮನೆಯ ಹುಂಜ ಯಾವಾಗ ಕೂಗಬೇಕೆಂದು ತಿಳಿಯದೆ ಕೂಗುವುದನ್ನೇ ಬಿಟ್ಟಿತು, ಬೀದಿಯ ಹಲ್ಲಿಗಳಿಗೆಲ್ಲ ತಮ್ಮ ಸನ್ನಿಧಿಯಲ್ಲಿ ನಿತ್ಯ ದಾಸೋಹ ನಡೆಯಿತು. ಮಧ್ಯಾಹ್ನದ ಬಿಸಿಲಿನಲ್ಲೂ ತಾವು ಆರದೆ ನಿಂತು ಸೂರ್ಯನಿಗೆ ಧೈರ್ಯ ತುಂಬುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆದರೆ ಆಸ್ಟರ್ ಗಿಡಗಳು ಎದೆಯುದ್ದ ಬೆಳೆದು, ಎಲೆಯ ಮೇಲೆ ಎಲೆ ಬಿಟ್ಟು, ಮೊಗ್ಗನ್ನು ಮಾತ್ರ ಬಿಡಲಿಲ್ಲ. ಮಾನ ಬದಿಗಿಟ್ಟು ಮಾಲಿನಿಗೇ ಫೋನು ಮಾಡಿದೆ. ಆಕೆ ನಕ್ಕ ನಗು ಗುಬ್ಬಿಯಿಂದ ಫೋನಿಲ್ಲದೆಯೂ ಕೇಳುವಂತಿತ್ತು. “ಅಯ್ಯೋ ಭಾವ, ಅದಕ್ಕೆ ಉದ್ದ ರಾತ್ರಿ ಬೇಕು. ಕತ್ಲೆ ಆಗ್ಲಿಲ್ಲ ಅಂದ್ರೆ ಇನ್ನೂ ಬೇಸಿಗೇನೇ ಅನ್ಕಂಡು ಸುಮ್ನೆ ಬೆಳೀತಾ ಇರ್ತದೆ. ನಾವು ಸೇವಂತಿಗೆ ತಡವಾಗಿ ಅರಳ್ಲಿ ಅಂತ ದುಡ್ ಕೊಟ್ಟು ತೋಟಕ್ಕೆ ಬಲ್ಬ್ ಕಟ್ಟಿಸ್ತೀವಿ, ನಿಮಗೆ ನೋಡಿ, ಬಿಟ್ಟಿ ಸಿಕ್ಕೈತೆ!” ಎಂದಳು. ಆ ಸಂಜೆ ತಮ್ಮನ್ನು ನೋಡುತ್ತ ನನ್ನಲ್ಲಿ ತಾನಾಗಿ ಹುಟ್ಟಿದ ಸಾಲುಗಳಿವು:

ಹಗಲಿಗೆ ಸೂರ್ಯ, ಇರುಳಿಗೆ ತಾವು,
ನಡುವೆ ನಿದ್ದೆಗೆಟ್ಟು ನಿಂತಿದೆ ಹೂವು.

ದೂರು ಕೊಡೋಣವೆಂದು ಸಂಬಂಧಪಟ್ಟವರಿಗೆ ಕರೆ ಮಾಡಿದರೆ, ‘ದೀಪ ಉರಿಯುತ್ತಿಲ್ಲ’ ಎಂಬ ದೂರಿಗೆ ಒಂದು ಒತ್ತಬೇಕಂತೆ, ‘ಕಂಬ ಬಾಗಿದೆ’ ಎಂಬುದಕ್ಕೆ ಎರಡು. ‘ದೀಪ ಉರಿಯುತ್ತಿದೆ’ ಎಂದು ದೂರುವ ಪ್ರಜೆ ಈ ನಾಡಿನಲ್ಲಿ ಹುಟ್ಟಿಯಾನೆಂದು ಯಾರೂ ಊಹಿಸಿರಲಿಲ್ಲ. ಯಾರಾದರೂ ಬಂದರೆ ಎದುರಿಗೇ ವಿವರಿಸಿದರಾಯಿತೆಂದು ಒಂದನ್ನು ಒತ್ತಿದೆ. ನಾನು ಕೆಲಸಕ್ಕೆ ಹೋಗಿದ್ದಾಗ ದೀಪ ರಿಪೇರಿಯ ಚಿಕ್ಕಬೋರಯ್ಯ ಏಣಿ ತಂದು, ಉರಿಯುತ್ತಿರುವ ತಮ್ಮನ್ನು ಕಂಡು, ಬಹುಶಃ ಬೆಳಕು ಸಾಲದೆಂದು ಅರ್ಥಮಾಡಿಕೊಂಡು, ತಮ್ಮನ್ನು ಇಳಿಸಿ, ತಮಗಿಂತ ದಪ್ಪನೆಯ ಮತ್ತೊಬ್ಬ ತಮ್ಮನ್ನೇ ಹಾಕಿ ಹೋದ. ಮತ್ತೆ ಒಂದನ್ನು ಒತ್ತಿದೆ. ಈ ಸಲ ತಮ್ಮ ಪಕ್ಕಕ್ಕೆ ಎರಡನೆಯ ದೀಪವಾಗಿ ತಮಗೊಬ್ಬ ತಮ್ಮನನ್ನೂ ತಂದು, ಅವನ ಮುಖವನ್ನು ನಮ್ಮ ಕಾಂಪೌಂಡಿಗೇ ತಿರುಗಿಸಿ ಕಟ್ಟಿದ. ಸೇವೆ ಅಂದರೆ ಇದು! ಮೂರನೆಯ ಸಲ ಒತ್ತುವ ಧೈರ್ಯ ನನಗಾಗಲಿಲ್ಲ.

ಸಂಜೆಯಾದೊಡನೆ ಗಿಡಗಳಿಗೆ ನನ್ನ ಹಳೆಯ ಪಂಚೆಗಳನ್ನು ಹೊದಿಸಲು ಶುರುಮಾಡಿದೆ. ಗಾಳಿಗೆ ಅವು ಹಾರಿ ರಸ್ತೆಗೆ ಬೀಳುತ್ತಿದ್ದವು, ನಾನು ಹೆಕ್ಕಿ ತರುತ್ತಿದ್ದೆ. “ಜೋಗುಳ ಒಂದು ಬಾಕಿ ಕಣ್ರೀ, ಅದೂ ಹಾಡ್ಬಿಡಿ,” ಎಂದಳು ಸರ್ವಮಂಗಳ. ಆಯುಧಪೂಜೆ ಬಂತು, ಗುಬ್ಬಿಯಿಂದ ಚೀಲವೂ ಬಂತು. ಅವಳು ಅದನ್ನು ಬಾಗಿಲ ಮೂಲೆಗಿಟ್ಟು ಒಳಗೆ ಹೋದಳು.

ಆದ್ದರಿಂದ ಮಾನ್ಯರೇ, ತಮ್ಮಲ್ಲಿ ವಿನಂತಿಸುವುದೇನೆಂದರೆ, ತಾವು ಸಂಜೆಯ ಹೊತ್ತು ಕೂಲಿಂಗ್ ಗ್ಲಾಸ್ ಧರಿಸಬೇಕು. ಅಮಾವಾಸ್ಯೆಗೆ ರಜೆ ಹಾಕಬೇಕು. ಬೆಳಕನ್ನು ರಸ್ತೆಯ ಮೇಲೆ ಚೆಲ್ಲುವಾಗ ಎಡಕ್ಕೆ ಹನಿಯೂ ತುಳುಕದಂತೆ ಎಚ್ಚರ ವಹಿಸಬೇಕು. ಇದಾವುದೂ ಸಾಧ್ಯವಿಲ್ಲದಿದ್ದರೆ ಕಂಬಸಮೇತ ಎದ್ದು ನಾಲ್ಕು ಮನೆ ಆಚೆಗೆ ನಡೆದು, ಅಲ್ಲಿ...

ಸಾಕು ಸ್ವಾಮಿ. ಇನ್ನು ನಟಿಸಲಾರೆ. ತಾವು ಉರಿಯುತ್ತಲೇ ಇಲ್ಲ. ದಸರೆ ಮುಗಿದ ಮರುದಿನದಿಂದ ತಾವೂ ತಮ್ಮ ತಮ್ಮನೂ ಆರಿದ್ದೀರಿ, ಆರಿಸಿದ್ದು ನಾನು. ಚಿಕ್ಕಬೋರಯ್ಯನನ್ನು ಮನೆಗೆ ಕರೆದು, ಕಾಫಿ ಕೊಟ್ಟು, ಕೈಮುಗಿದು ವೈರು ಕೀಳಿಸಿದೆ. “ಕೀಳೋದು ಸುಲ್ಬ ಸಾರ್, ಆಮ್ಯಾಲೆ ಹಾಕ್ಸಕ್ಕೆ ನನ್ ಕೇಳ್ಬ್ಯಾಡಿ,” ಎಂದು ಅವನು ಆಗಲೇ ಹೇಳಿದ್ದ. ಈಗ ಅವನಿಗೆ ಕುಣಿಗಲ್ ಕಡೆ ಅಮೃತೂರಿನಲ್ಲಿ ಕೆಲಸ.

ಆಸ್ಟರ್ ಮೊಗ್ಗು ಹಿಡಿಯಿತು. ಊರಿಗೆ ಊರೇ ಹೊಸ್ತಿಲಿಗೆ ದೀಪ ಹಚ್ಚುವ ಕಾರ್ತಿಕದಲ್ಲಿ, ದೀಪ ಆರಿಸಿ ಹೂ ಅರಳಿಸಿದ ಪುಣ್ಯಾತ್ಮ ನಾನೊಬ್ಬನೇ. ಕಡೇ ಸೋಮವಾರದ ಬೆಳಿಗ್ಗೆ ಗುಬ್ಬಿಗೆ ಚೀಲ ಕಳಿಸಿದೆವು. ಸರ್ವಮಂಗಳ ತಾನೂ ಒಂದಿಷ್ಟು ಮುಡಿದು, ಬಟವಾಡಿಯ ಕ್ಲಿನಿಕ್ಕಿಗೆ ಡ್ಯೂಟಿಗೆ ಹೋದಳು. ರಾತ್ರಿ ಬಸ್ಸಿಳಿದು ನಮ್ಮ ಬೀದಿಗೆ ತಿರುಗಿದಾಗ, ಹೆಡ್‌ಲೈಟ್ ಆರಿಸಿಕೊಂಡ ಬೈಕೊಂದು ಅವಳ ಹಿಂದೆಯೇ ನಿಧಾನವಾಗಿ ಬಂದಿದೆ. ಚಪ್ಪಲಿ ಕೈಯಲ್ಲಿ ಹಿಡಿದು ಓಡಿ ಬಂದವಳು, ಒಂದು ಚೊಂಬು ನೀರು ಕುಡಿದು, “ಹೂವೇನೋ ಅರಳ್ತು ಕಣ್ರೀ, ದಾರಿ ಕಾಣ್ಲಿಲ್ಲ. ಆ ಹಾಳು ಲೈಟು ಕೆಟ್ಟು ಎಷ್ಟ್ ದಿನ ಆಯ್ತು, ಒಂದು ಕಂಪ್ಲೇಂಟ್ ಕೊಡಕ್ಕೆ ನಿಮಗೇನು ರೋಗ?” ಎಂದಳು. ಮುಡಿಯಲ್ಲಿದ್ದ ಹೂ ದಾರಿಯಲ್ಲೇ ಎಲ್ಲೋ ಬಿದ್ದುಹೋಗಿತ್ತು.

ಬೆಳಗಾಗುತ್ತಲೇ ಮತ್ತೆ ಕರೆ ಮಾಡಿ ಒಂದನ್ನು ಒತ್ತಿದೆ. “ಸಾರ್, ನಿಮ್ ನಂಬರ್ ಗೊತ್ತು ಬಿಡಿ. ಹೋದ್ ಸಲನೂ ಉರಿತಿತ್ತು, ಅದರ ಹಿಂದಿನ್ ಸಲನೂ ಉರಿತಿತ್ತು. ಈಗ್ಲೂ ಉರಿತಾ ಇರ್ತದೆ, ಸರಿಯಾಗಿ ನೋಡಿ,” ಎಂದು ಇಟ್ಟೇಬಿಟ್ಟರು. ಆದ್ದರಿಂದಲೇ ನೇರವಾಗಿ ತಮಗೆ ಬರೆಯುತ್ತಿದ್ದೇನೆ. ಸರ್ವಮಂಗಳ ಕೂಡ ಇದನ್ನು ಓದುತ್ತಾಳೆ. ಓದಲಿ. ಎದುರಿಗೆ ನಿಂತು ಹೇಳಲು ನನಗೆ ಬಾಯಿ ಬರಲಿಲ್ಲ.

ದಯವಿಟ್ಟು ಉರಿಯಿರಿ. ಗಿಡಗಳಿಗೆ ಪಂಚೆ ಹೊದಿಸುವುದನ್ನು ನಾನು ನೋಡಿಕೊಳ್ಳುತ್ತೇನೆ. ಅಲ್ಲಿಯವರೆಗೆ ದಿನವೂ ಬಸ್ ಸ್ಟಾಪಿನಲ್ಲಿ ಟಾರ್ಚ್ ಹಿಡಿದು ನಿಂತಿರುತ್ತೇನೆ.

ತಮ್ಮ ವಿಶ್ವಾಸಿ,
ಚನ್ನವೀರಯ್ಯ
(ಸದ್ಯಕ್ಕೆ ತಮ್ಮ ಬದಲಿ ಕಂಬ)

ವಿ.ಸೂ.: ಹೂವಿನ ಚೀಲ ಗುಬ್ಬಿಗೆ ತಲುಪಿತು. ಮಾಲಿನಿ ಫೋನಿನಲ್ಲಿ, “ಹೂವು ಪರ್ವಾಗಿಲ್ಲ ಭಾವ. ಆದ್ರೆ ನಿಮ್ ಬೀದೀಲಿ ಲೈಟೇ ಇಲ್ವಂತಲ್ಲ, ಅಕ್ಕ ಅಂದ್ಲು. ಮುಂದಿನ್ ವರ್ಷದಿಂದ ಚೀಲದಲ್ಲಿ ಹೂ ಬ್ಯಾಡ, ನಮ್ ತೋಟದ್ ಬಲ್ಬೇ ಕಳಿಸ್ತೀನಿ ಬುಡಿ,” ಎಂದಳು.