ಯಜಮಾನರು ಆರಿಸಿದ ಎಂಜಿನ್

ಪ್ರಶ್ನೆ ಕೇಳಿದವರು ಡಾಕ್ಟರಮ್ಮ, ಉತ್ತರ ಹೋದದ್ದು ಅವರ ಯಜಮಾನರಿಗೆ. ಒಂದು ಸಲ ಹೀಗಾಗಿದ್ದರೆ, ಪಾಪ, ಮೇಸ್ತ್ರಿಗೆ ಕತ್ತು ಉಳುಕಿರಬೇಕು, ಆ ಒಂದು ಕಡೆಗೇ ತಿರುಗುತ್ತದೆ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ಗ್ಯಾರೇಜಿಗೆ ಕಾಲಿಟ್ಟಾಗಿನಿಂದ ಇದೇ ಕಥೆ. ಎಂಜಿನ್ ಬ್ಲಾಕು ಎಲ್ಲಿ ಸೀಳಿದೆ ಎಂದು ಡಾಕ್ಟರಮ್ಮ ಕೇಳಿದರೆ, ಮೇಸ್ತ್ರಿ ಟಾರ್ಚು ಬಿಟ್ಟು, "ನೋಡಿ ಸಾರ್, ಇಲ್ಲಿ" ಎಂದು ಯಜಮಾನರಿಗೆ ತೋರಿಸಿದ. ಯಜಮಾನರು ಬಗ್ಗಿ ನೋಡಿ ಗಂಭೀರವಾಗಿ ತಲೆಯಾಡಿಸಿದರು. ಅವರು ನೋಡಿದ್ದು ಬ್ಯಾಟರಿಯನ್ನು.

ಯಜಮಾನರು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವವರು. ಅಲ್ಪಪ್ರಾಣ ಎಲ್ಲಿರಬೇಕು, ಮಹಾಪ್ರಾಣ ಎಲ್ಲಿರಬೇಕು ಎಂದು ನಿದ್ದೆಗಣ್ಣಿನಲ್ಲೂ ಹೇಳಬಲ್ಲರು. ಆದರೆ ನಟ್ಟು ಯಾವುದು, ಬೋಲ್ಟು ಯಾವುದು ಎಂದು ಕೇಳಿದರೆ ಅವರ ಪ್ರಾಣವೇ ಅಲ್ಪವಾಗಿಬಿಡುತ್ತದೆ. ಈ ಎಂಜಿನ್ನಿಗೆ ನಾಲ್ಕು ಸಿಲಿಂಡರು ಎಂದು ಹೆಂಡತಿ ಹೇಳಿದ ದಿನ, ನಮ್ಮ ಅಡುಗೆಮನೆಗೇ ಎರಡು ಸಾಲುತ್ತಲ್ಲ, ಕಾರಿಗ್ಯಾಕೆ ನಾಲ್ಕು ಎಂದು ಕೇಳಿದ್ದ ಮಹಾನುಭಾವರು ಅವರು. ಗ್ಯಾರೇಜಿಗೆ ಅವರು ಬಂದದ್ದಾದರೂ ಯಾಕೆ? ಊಟದ ಡಬ್ಬಿ ಹಿಡಿದುಕೊಳ್ಳಲು.

ಡಾಕ್ಟರಮ್ಮ ಹಲ್ಲಿನ ಡಾಕ್ಟರು. ಅಪ್ಪ ತೀರಿಕೊಂಡಾಗ ಅಣ್ಣನ ಪಾಲಿಗೆ ಮನೆ ಬಂತು, ತಂಗಿಯ ಪಾಲಿಗೆ ಶೆಡ್ಡಿನಲ್ಲಿ ಧೂಳು ತಿನ್ನುತ್ತಿದ್ದ ಹಳೇ ಕಾರು. ಅಣ್ಣ ಅಂದು ನೆಮ್ಮದಿಯಾಗಿ ನಿದ್ದೆ ಮಾಡಿದನಂತೆ. ತಂಗಿಗೆ ಸಂತೋಷಕ್ಕೆ ನಿದ್ದೆಯೇ ಬರಲಿಲ್ಲ. ಚಿಕ್ಕಂದಿನಲ್ಲಿ ಅಪ್ಪ ಬಾನೆಟ್ ಎತ್ತಿ ತಲೆ ಒಳಗಿಟ್ಟು ಕೈ ಹಿಂದಕ್ಕೆ ಚಾಚಿದರೆ, ಆ ಕೈಗೆ ಯಾವ ಸ್ಪ್ಯಾನರು ಬೇಕೆಂದು ಕೇಳದೆಯೇ ಕೊಡುತ್ತಿದ್ದವಳು ಅವಳು. ಆ ಕಾರನ್ನು ಮತ್ತೆ ರಸ್ತೆಗಿಳಿಸಬೇಕೆಂಬುದು ಡಾಕ್ಟರಮ್ಮನ ಹಟ. ಮೈಗೆ ಬಣ್ಣ ಬಂತು, ಸೀಟಿಗೆ ಹೊಸ ಹೊದಿಕೆ ಬಂತು. ಎಂಜಿನ್ ಮಾತ್ರ ಸೀಳಿಹೋಗಿತ್ತು. ಅದನ್ನು ಬೆಸೆಯುವುದೂ ಒಂದೇ, ಒಡೆದ ಮಡಕೆಗೆ ಮೇಣ ಮೆತ್ತುವುದೂ ಒಂದೇ. ಬೇರೆ ಎಂಜಿನ್ ಹಾಕಲೇಬೇಕು.

ಯಾವುದು ಹಾಕುವುದು ಎಂಬಲ್ಲಿ ಜಗಳ ಶುರುವಾಯಿತು. ಮೇಸ್ತ್ರಿಗೆ ಒಂದು ವ್ಯಾನಿನ ಡೀಸೆಲ್ ಎಂಜಿನ್ ಮೇಲೆ ಮನಸ್ಸು. ಆನೆ ಎಳೆದ ಹಾಗೆ ಎಳೆಯುತ್ತದಂತೆ, ಹನಿ ಎಣ್ಣೆಯಲ್ಲಿ ಹರದಾರಿ ಹೋಗುತ್ತದಂತೆ. ಅದನ್ನು ಕೂರಿಸಬೇಕಾದರೆ ಬಾನೆಟ್ಟನ್ನು ಸ್ವಲ್ಪ ಕೊಯ್ದು ಮೇಲೊಂದು ಉಬ್ಬು ಮಾಡಬೇಕಾಗುತ್ತದೆ, ಅಷ್ಟೇ.

"ಅಷ್ಟೇನಾ?" ಎಂದರು ಡಾಕ್ಟರಮ್ಮ. ಅವರಾಗಲೇ ಗುಜರಿ ಅಂಗಡಿಗೆ ಹೋಗಿ, ತೋಳು ಮಡಚಿ, ಟೇಪು ಹಿಡಿದು ಅಳೆದು ಬಂದಿದ್ದರು. ಅದೇ ಕಂಪನಿಯ, ಸ್ವಲ್ಪ ಈಚಿನ ಕಾಲದ ಪೆಟ್ರೋಲ್ ಎಂಜಿನ್ ಒಂದು ಅಲ್ಲಿತ್ತು. ಹಳೆಯದು ಕೂತಿದ್ದ ಜಾಗದಲ್ಲೇ, ಅದೇ ಬೋಲ್ಟುಗಳ ಮೇಲೇ ಕೂರುತ್ತದೆ. ಡೀಸೆಲ್ಲಿನದು ಭಾರ, ಅದರಡಿಯಲ್ಲಿ ಮುಂದಿನ ಸ್ಪ್ರಿಂಗು ಕುಸಿಯುತ್ತದೆ ಎಂದು ಅವರು ಬಿಡಿಸಿ ಬಿಡಿಸಿ ವಿವರಿಸಿದರು. ಮೇಸ್ತ್ರಿ ಪೂರ್ತಿ ಕೇಳಿಸಿಕೊಂಡ. ಆಮೇಲೆ ಯಜಮಾನರ ಕಡೆ ತಿರುಗಿ, "ನೀವೇನಂತೀರಿ ಸಾರ್?" ಎಂದ.

ಡಾಕ್ಟರಮ್ಮ ಹಲ್ಲು ಮಸೆದರು. (ಹಲ್ಲು ಮಸೆಯಬೇಡಿ, ಸವೆದುಹೋಗುತ್ತದೆ ಎಂದು ಬಂದವರಿಗೆಲ್ಲ ಬುದ್ಧಿ ಹೇಳುವವರು.)

ದೇವರು ಕಣ್ಣು ಬಿಟ್ಟ. ಆ ವಾರವೇ ಮೇಸ್ತ್ರಿಗೆ ದವಡೆ ಹಲ್ಲು ನೋವು ಬಂತು. ಕೆನ್ನೆ ಊದಿಸಿಕೊಂಡು ಕ್ಲಿನಿಕ್ಕಿಗೆ ಬಂದವನನ್ನು ಡಾಕ್ಟರಮ್ಮ ಕುರ್ಚಿಯಲ್ಲಿ ಮಲಗಿಸಿ, ಇಂಜೆಕ್ಷನ್ ಕೊಟ್ಟು, ಬಾಯಿಗೆ ಎರಡು ಕೈ ಹಾಕಿದರು. ಎಂಜಿನ್ನಿನ ವಿಷಯ ಮಾತಾಡಲು ಇಷ್ಟು ಪ್ರಶಸ್ತವಾದ ಸಮಯ ಇನ್ನಾವುದಿದೆ? ಗೇರ್ ಬಾಕ್ಸಿನಿಂದ ಹಿಡಿದು ರೇಡಿಯೇಟರಿನವರೆಗೆ ಎಲ್ಲವನ್ನೂ ಹೇಳಿದರು. ಒಂದೊಂದು ಮಾತಿಗೂ ಮೇಸ್ತ್ರಿ "ಆ" ಎಂದ. ಪೆಟ್ರೋಲೇ ಸರಿ ತಾನೇ ಎಂದು ಕೇಳಿದಾಗ ಎರಡು ಸಲ "ಆ, ಆ" ಎಂದ. ಹಲ್ಲು ಹೊರಗೆ ಬಂತು, ಒಪ್ಪಂದವೂ ಆಯಿತು ಎಂದು ಡಾಕ್ಟರಮ್ಮ ಸಂತೋಷದಿಂದ ಕೈ ತೊಳೆದರು.

ಮರಗಟ್ಟಿದ್ದ ತುಟಿಗೆ ಜೀವ ಬಂದ ಕೂಡಲೇ ಮೇಸ್ತ್ರಿ ಮಾಡಿದ ಮೊದಲ ಕೆಲಸ ಯಜಮಾನರಿಗೆ ಫೋನು. ಡಾಕ್ಟರಮ್ಮ ಎಂಜಿನ್ ಬಗ್ಗೆ ಏನೋ ಹೇಳುತ್ತಿದ್ದರು ಸಾರ್, ನನಗೆ ನೋವಿನಲ್ಲಿ ಕಿವಿಗೇ ಬೀಳಲಿಲ್ಲ, ಒಟ್ಟಿನಲ್ಲಿ ತಮ್ಮ ಅಭಿಪ್ರಾಯ ಏನು ಎಂದು ವಿಚಾರಿಸಿದನಂತೆ.

ಅಂದು ಊಟದ ಹೊತ್ತಿಗೆ ಯಜಮಾನರು ಈ ಸುದ್ದಿ ತಿಳಿಸಿದಾಗ ಡಾಕ್ಟರಮ್ಮ ಕೈಯ ತುತ್ತನ್ನು ತಟ್ಟೆಗೇ ಹಾಕಿದರು. "ರೀ, ನೀವಾದ್ರೂ ಹೇಳಬಾರದಿತ್ತಾ, ನಂಗೇನೂ ಗೊತ್ತಿಲ್ಲ, ಅವಳನ್ನೇ ಕೇಳು ಅಂತ?"

"ಹೇಳ್ದೆ ಕಣೆ. ಸಾರ್ ತುಂಬಾ ವಿನಯ ನಿಮಗೆ ಅಂದ."

ಇನ್ನು ಕೋಣನ ಮುಂದೆ ಕಿನ್ನರಿ ಬಾರಿಸಿ ಪ್ರಯೋಜನವಿಲ್ಲವೆಂದು ಡಾಕ್ಟರಮ್ಮ ಬೇರೆ ದಾರಿ ಹಿಡಿದರು. ಹೇಳಬೇಕಾದ್ದನ್ನು ಯಜಮಾನರಿಗೇ ಬಾಯಿಪಾಠ ಮಾಡಿಸಿದರು. ಹಳೇ ಬೋಲ್ಟಿನ ಮೇಲೇ ಕೂರುವ ಪೆಟ್ರೋಲ್ ಎಂಜಿನ್ ಹಾಕು, ಬಾನೆಟ್ಟಿಗೆ ಗರಗಸ ಮುಟ್ಟಿಸಬೇಡ. ಇಷ್ಟೇ ಪಾಠ. ಯಜಮಾನರು ಎರಡು ಸಲ ಹೇಳಿ ನೋಡಿ, 'ಮುಟ್ಟಿಸಬೇಡ' ಎನ್ನುವುದಕ್ಕಿಂತ 'ಮುಟ್ಟಿಸಕೂಡದು' ಎಂದರೆ ವಾಕ್ಯಕ್ಕೆ ತೂಕ ಬರುತ್ತದೆ ಎಂದು ತಿದ್ದುಪಡಿ ಸೂಚಿಸಿದರು. ಡಾಕ್ಟರಮ್ಮ ಹಣೆ ಚಚ್ಚಿಕೊಂಡು ಒಪ್ಪಿದರು.

ಮಾರನೆಯ ದಿನ ಯಜಮಾನರು ಗ್ಯಾರೇಜಿನ ನಡುವೆ ನಿಂತು, ಕೈ ಹಿಂದೆ ಕಟ್ಟಿ, ಆ ವಾಕ್ಯವನ್ನು ಒಂದಕ್ಷರ ತಪ್ಪದೆ ಒಪ್ಪಿಸಿದರು. ಮೇಸ್ತ್ರಿ ತೊಡೆ ತಟ್ಟಿಕೊಂಡ. ಇದಪ್ಪಾ ತಿಳಿದವರ ಮಾತು, ನನಗೆ ಈ ಯೋಚನೆ ಹೊಳೆಯಲೇ ಇಲ್ಲವಲ್ಲ ಎಂದು ಕೆಲಸದವರನ್ನೆಲ್ಲ ಕರೆದು ಹೇಳಿದ. ಯಜಮಾನರಿಗೆ ಕುರ್ಚಿ ಬಂತು, ಟೀ ಬಂತು. ಡಾಕ್ಟರಮ್ಮನಿಗೆ ಟೀ ಬಂತು, ಕುರ್ಚಿ ಬರಲಿಲ್ಲ.

ಅಲ್ಲಿಂದ ಮುಂದೆ ಮನೆಯಲ್ಲಿ ಬಾಳುವೆ ಕಷ್ಟವಾಯಿತು. ಸುಳ್ಳು ಹೊಗಳಿಕೆಯಾದರೇನು, ತಲೆಗೇರಲು ಅದಕ್ಕೆ ಮೆಟ್ಟಿಲು ಬೇಕೇ? ಯಜಮಾನರು ಮಿಕ್ಸಿ ತಿರುಗುವ ಸದ್ದಿಗೆ ಕಿವಿಗೊಟ್ಟು, ಬೇರಿಂಗು ಹೋಗಿರಬಹುದು ಎನ್ನತೊಡಗಿದರು. ಪಕ್ಕದ ಮನೆಯವರು ತಮ್ಮ ಸ್ಕೂಟರನ್ನು ತಳ್ಳಿಕೊಂಡು ಬಂದು ಸಾರ್ ಇದ್ದಾರಾ ಎಂದು ಕೇಳಿದರು. ಸಾರ್ ಹೊರಗೆ ಬಂದು, ಸ್ಕೂಟರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ನಿಟ್ಟುಸಿರು ಬಿಟ್ಟು, ಒಳ್ಳೆ ಮೇಸ್ತ್ರಿಗೆ ತೋರಿಸಿ ಎಂದರು. ಅವರು ಕೈಮುಗಿದು ಹೋದರು. ಅಡುಗೆಮನೆಯ ಕಿಟಕಿಯಲ್ಲಿ ನಿಂತು ಇದನ್ನೆಲ್ಲ ನೋಡಿದ ಡಾಕ್ಟರಮ್ಮನಿಗೆ ಅಡಿಯಿಂದ ಮುಡಿಯವರೆಗೆ ಉರಿಯಿತು.

ಕೊನೆಗೆ ಒಂದು ದಿನ ಕಾರು ತಯಾರಾಗಿದೆ ಎಂದು ಫೋನು ಬಂತು. (ಯಜಮಾನರಿಗೆ.) ಇಬ್ಬರೂ ಹೋದರು. ಗ್ಯಾರೇಜು ಇನ್ನೂ ಬೀದಿಯ ಆ ತುದಿಯಲ್ಲಿದೆ ಎನ್ನುವಾಗಲೇ ಡಾಕ್ಟರಮ್ಮನಿಗೆ ಸದ್ದು ಕೇಳಿಸಿತು. ಡಡ ಡಡ ಡಡ ಎಂದು ನೆಲ ನಡುಗಿಸುವ ಡೀಸೆಲ್ ಸದ್ದು. ಅಪ್ಪನ ಕಾರು ಬಾಗಿಲಲ್ಲೇ ನಿಂತಿತ್ತು, ಬಾನೆಟ್ಟು ಮುಚ್ಚಿತ್ತು, ಒಳಗೆ ಕೀಲಿ ತಿರುಗಿತ್ತು. ಬಾನೆಟ್ಟಿನ ಮೇಲೆ ಉಬ್ಬು ಎದ್ದಿದೆಯೇ ಎಂದು ನೋಡುವ ತಾಳ್ಮೆ ಯಾರಿಗಿತ್ತು?

ಇಷ್ಟು ದಿನ ನುಂಗಿದ್ದೆಲ್ಲ ಒಮ್ಮೆಗೇ ಹೊರಬಂತು. ಡಾಕ್ಟರಮ್ಮ ಮೇಸ್ತ್ರಿಯನ್ನು ನಿಲ್ಲಿಸಿಕೊಂಡು ಶುರು ಮಾಡಿದರು. ನನ್ನ ಮಾತಿಗೆ ಕಿವಿ ಇಲ್ಲ, ಇವರ ಮಾತಿಗಾದರೂ ಬೆಲೆ ಬೇಡವೇ, ಹಿಂದಿನಿಂದ ಆ ವ್ಯಾನಿನ ಎಂಜಿನ್ನನ್ನೇ ತುರುಕಿದೆಯಲ್ಲ ಎಂದರು. "ಕಣ್ಣು ಮುಚ್ಚಿಕೊಂಡು ಹೇಳ್ತೀನಿ, ಇದು ಡೀಸೆಲ್. ನಂಗೆ ಎಂಜಿನ್ ಸದ್ದು ಗೊತ್ತಾಗಲ್ಲ ಅಂದ್ಕೊಂಡೆಯಾ?" ಸ್ಪ್ಯಾನರು ಹಿಡಿದಿದ್ದ ಕೈಗಳೆಲ್ಲ ಹಾಗೇ ನಿಂತವು. ಬೀದಿಯಲ್ಲಿ ಹೋಗುವವರೂ ನಿಂತರು.

ಮೇಸ್ತ್ರಿ ನಿಧಾನವಾಗಿ ಗೋಡೆಯ ಆಚೆಗೆ ನಡೆದು, ಅಲ್ಲಿ ನಿಂತಿದ್ದ ತರಕಾರಿ ವ್ಯಾನನ್ನು ಆಫ್ ಮಾಡಿ ಬಂದ.

ನಿಶ್ಶಬ್ದವಾಯಿತು. ಆ ನಿಶ್ಶಬ್ದದೊಳಗೆ, ಬೆಕ್ಕು ಮಡಿಲಲ್ಲಿ ಮಲಗಿ ಗುರುಗುಟ್ಟಿದ ಹಾಗೆ, ಅಪ್ಪನ ಕಾರಿನ ಎಂಜಿನ್ ತನ್ನ ಪಾಡಿಗೆ ತಾನು ಓಡುತ್ತಿತ್ತು. ಪೆಟ್ರೋಲ್. ಅಳತೆ ಹಾಕಿ ಅವರೇ ಆರಿಸಿದ್ದು. ಒಂದು ಗಳಿಗೆ ಡಾಕ್ಟರಮ್ಮನ ಕಣ್ಣು ತುಂಬಿಬಂತು. ಮರುಗಳಿಗೆಗೆ ಸುತ್ತ ನಿಂತವರ ಮುಖಗಳು ಕಂಡವು.

"ಹೆಂಗಸರಿಗೆ ಸದ್ದಿನಲ್ಲಿ ಗೊತ್ತಾಗೋದು ಕಷ್ಟ ಸಾರ್" ಎಂದ ಮೇಸ್ತ್ರಿ, ಯಜಮಾನರಿಗೆ.

ಇನ್ನು ಅಲ್ಲಿ ನಿಲ್ಲುವುದು ಸಾಧ್ಯವಿರಲಿಲ್ಲ. ಡಾಕ್ಟರಮ್ಮ ಯಜಮಾನರನ್ನು ಪಕ್ಕದ ಸೀಟಿಗೆ ತಳ್ಳಿ, ತಾವು ಸ್ಟೀರಿಂಗಿನ ಮುಂದೆ ಕೂತರು. ದಿನವೂ ಕ್ಲಿನಿಕ್ಕಿಗೆ ತಮ್ಮ ಚಿಕ್ಕ ಕಾರನ್ನು ಓಡಿಸಿಕೊಂಡು ಹೋಗುವವರು, ಗಂಡನನ್ನು ಮುದ್ರಣಾಲಯಕ್ಕೆ ಬಿಟ್ಟುಬರುವವರೂ ಅವರೇ. ಆದರೆ ಆ ಕಾರಿನಲ್ಲಿ ಗೇರು ಹಾಕುವ ಕೆಲಸವೇ ಇಲ್ಲ. ಈ ಕಾರಿನ ಗೇರು ಸ್ಟೀರಿಂಗಿನ ಕುತ್ತಿಗೆಯಲ್ಲಿ ಕೋಲಿನಂತೆ ಚಾಚಿಕೊಂಡಿರುತ್ತದೆ. ಅಪ್ಪ ಮಗಳಿಗೆ ಬಾನೆಟ್ಟಿನ ಒಳಗನ್ನೆಲ್ಲ ಕೊಟ್ಟಿದ್ದರು, ಸ್ಟೀರಿಂಗನ್ನು ಮಾತ್ರ ಒಂದು ದಿನವೂ ಮುಟ್ಟಗೊಟ್ಟಿರಲಿಲ್ಲ. ಸಿಟ್ಟಿನ ಭರದಲ್ಲಿ ಡಾಕ್ಟರಮ್ಮ ಕೋಲನ್ನು ಎಳೆದು, ಕ್ಲಚ್ಚು ಬಿಟ್ಟು, ತಲೆಯೆತ್ತಿ ಮುಂದಿನ ರಸ್ತೆಯನ್ನು ದಿಟ್ಟಿಸಿದರು.

ಕಾರು ಹಿಂದಕ್ಕೆ ಹೋಯಿತು. ಹಳೇ ಟೈರುಗಳ ರಾಶಿಗೆ ಹಿಂಬದಿಯನ್ನು ಮೆತ್ತಗೆ ಒರಗಿಸಿ, ಕುಕ್ಕರಿಸಿ, ಕೆಮ್ಮಿ ನಿಂತಿತು. ಮೇಲಿನ ಟೈರೊಂದು ಉರುಳಿ ಬಂದು ಬಾಗಿಲ ಬಳಿ ಮಲಗಿತು.

ಮೇಸ್ತ್ರಿ ಓಡಿ ಬಂದು ಕಿಟಕಿಗೆ ಬಗ್ಗಿದ. ಈ ಸಲ ಯಜಮಾನರ ಕಡೆ ನೋಡಲಿಲ್ಲ. ಡಾಕ್ಟರಮ್ಮನ ಮುಖವನ್ನೇ ನೋಡಿ, ಬಹಳ ಮೃದುವಾಗಿ ಹೇಳಿದ: "ಹೆದರ್ಕೋಬೇಡಿ ಡಾಕ್ಟರಮ್ಮ, ಎಲ್ಲರೂ ಹೀಗೇ ಕಲಿಯೋದು. ಮನೇಲೇ ಸಾರ್ ಇದಾರಲ್ಲ, ದಿನಾ ಸ್ವಲ್ಪ ಸ್ವಲ್ಪ ಹೇಳ್ಕೊಡ್ತಾರೆ."

"ಮೊದಲು ಯಾವುದಾದ್ರೂ ಖಾಲಿ ಮೈದಾನದಲ್ಲಿ ಶುರು ಮಾಡಿಸೋಣ ಅಂತಿದೀನಿ" ಎಂದರು ಯಜಮಾನರು. ಹಾಗೆನ್ನುತ್ತಾ ಅವರು ಕೆಳಗಿಳಿಯಲೆಂದು, ಬಾಗಿಲಿನ ಹಿಡಿಯೆಂದುಕೊಂಡು, ಗಾಜು ಇಳಿಸುವ ಹಿಡಿಯನ್ನು ಗರಗರ ತಿರುಗಿಸುತ್ತಿದ್ದರು.