ಚಾಲಕನಿಗೂ ಒಂದು ಕನಿಷ್ಠ ತೂಕ ಬೇಕು

ಡ್ರ್ಯಾಗ್ ರೇಸ್ ನಿಯಮ ಸಮಿತಿಯ ಮುಖ್ಯ ತಪಾಸಣಾಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ತಾವೂ ತಮ್ಮ ತಕ್ಕಡಿಯೂ ತಮ್ಮ ಮೂಗಿನ ತುದಿಯಲ್ಲಿ ಜಾರದೆ ನಿಲ್ಲುವ ಆ ಕನ್ನಡಕವೂ ಕ್ಷೇಮವೆಂದು ನಂಬಿ, ಸಕಲ ಗೌರವಗಳೊಂದಿಗೆ ಈ ದೂರನ್ನು ನಾಲ್ಕು ಜನರ ಕಣ್ಣಿಗೆ ಬೀಳುವಂತೆ ಬರೆಯುತ್ತಿದ್ದೇನೆ. ನೇರ ರಸ್ತೆಯ ಮೇಲೆ ನೋಡನೋಡುತ್ತಲೇ ಮುಗಿದುಹೋಗುವ ತಮ್ಮ ಓಟದಲ್ಲಿ, ಎಲ್ಲಕ್ಕಿಂತ ಕೆಳಗಿನ ವರ್ಗದಲ್ಲಿ, ಹಳೆಯ ಕೆಂಪು ಕಾರನ್ನು ಓಡಿಸುವವನು ನಾನು. ಅದರ ಇಂಜಿನ್ ಕಟ್ಟುವವಳು ನನ್ನ ಹೆಂಡತಿ. ಮದುವೆಯಾದ ಲಾಗಾಯ್ತು ಆ ಸೀಟಿನಲ್ಲಿ ನನ್ನನ್ನು ಬಿಟ್ಟು ಬೇರೆ ಯಾರೂ ಕೂತಿಲ್ಲ. ಬರುವ ಭಾನುವಾರ ಅಲ್ಲಿ ನನ್ನ ನಾದಿನಿ ಕೂರಲಿದ್ದಾಳೆ. ಇದಕ್ಕೆ ತಾವೇ ಕಾರಣ.

ತಮ್ಮ ನಿಯಮಪುಸ್ತಕವನ್ನು ತೆರೆದಾಗಲೆಲ್ಲ ನನ್ನ ಕಣ್ಣು ತುಂಬಿ ಬರುತ್ತದೆ. ಪಿಸ್ಟನ್ ಇಷ್ಟಕ್ಕಿಂತ ಹಗುರವಾಗಕೂಡದು, ಕನೆಕ್ಟಿಂಗ್ ರಾಡ್ ಇಷ್ಟಕ್ಕಿಂತ ತೆಳ್ಳಗಾಗಕೂಡದು, ಕ್ರ್ಯಾಂಕ್ ಶಾಫ್ಟನ್ನು ಇದಕ್ಕಿಂತ ಹೆಚ್ಚು ಕೆತ್ತಕೂಡದು ಎಂದು, ಇಂಜಿನ್ನಿನೊಳಗೆ ತಿರುಗುವ, ಏರಿಳಿಯುವ ಒಂದೊಂದು ಲೋಹದ ತುಂಡಿಗೂ ಹೆತ್ತ ತಾಯಿಯ ಹಾಗೆ ಕನಿಷ್ಠ ತೂಕವನ್ನು ಗೊತ್ತುಪಡಿಸಿದ್ದೀರಿ. ತಿರುಗುವ ಭಾಗಗಳು ಹಗುರವಾದಷ್ಟೂ ಇಂಜಿನ್ ಬೇಗ ವೇಗ ಹಿಡಿಯುತ್ತದೆ, ಆಸೆಬುರುಕರು ಅತಿಯಾಗಿ ಕೆತ್ತಿದರೆ ಅದೇ ಭಾಗ ಚೂರಾಗಿ ಬಾನೆಟ್ಟನ್ನು ಸೀಳಿಕೊಂಡು ಹೊರಬರುತ್ತದೆ ಎಂಬುದು ತಮ್ಮ ದೊಡ್ಡ ಮನಸ್ಸಿನ ಕಾಳಜಿ. ಚಾಲಕನ ವಿಷಯ ಬಂದಾಗ ಮಾತ್ರ ಪುಸ್ತಕ ಬಾಯಿಗೆ ಬೀಗ ಹಾಕಿಕೊಂಡಿದೆ.

ಈ ಸಲ ನನ್ನವಳು ಬಿಡಿಭಾಗಗಳನ್ನು ಆರಿಸಿದ ಚಂದವನ್ನು ತಾವು ನೋಡಬೇಕಿತ್ತು. ಊಟದ ಮೇಜಿನ ಮೇಲೆ ಬಟ್ಟೆ ಹಾಸಿ, ನೋಡಲು ಒಂದೇ ಥರ ಇರುವ ಪಿಸ್ಟನ್‌ಗಳನ್ನು ಸಾಲಾಗಿ ಕೂರಿಸಿ, ಅಡುಗೆಮನೆಯ ತಕ್ಕಡಿಯಲ್ಲಿ ಒಂದೊಂದನ್ನೂ ತೂಗಿ, ಹಗುರವಾಗಿದ್ದವುಗಳ ತಲೆ ಸವರಿದಳು. ನನ್ನ ತಲೆಗೆ ಆ ಭಾಗ್ಯ ಸಿಕ್ಕಿ ಬಹಳ ಕಾಲವಾಗಿದೆ. ಪಿಸ್ಟನ್ ಹಗುರವಾದಮೇಲೆ, ಅದಕ್ಕೆ ಸರಿದೂಗಲೆಂದು ಕ್ರ್ಯಾಂಕ್‌ನಲ್ಲಿ ಕೂತಿದ್ದ ಭಾರಕ್ಕೂ ಕೆಲಸವಿಲ್ಲವಾಯಿತೆಂದು ಅದನ್ನು ಲೋಹ ಕೆತ್ತುವ ಲೇತಿಗೆ ಕಟ್ಟಿ ಅಂಚು ತೆಗೆದಳು. ಪಿಸ್ಟನ್ನಿನ ಪಿನ್ನುಗಳಲ್ಲಿ ಎಲ್ಲಕ್ಕಿಂತ ತೆಳುವಾದದ್ದನ್ನು ಮಾತ್ರ "ಹಗುರಾನೇ, ಆದ್ರೆ ಬಗ್ಗೋಗತ್ತೆ" ಎಂದು ಪಕ್ಕಕ್ಕಿಟ್ಟಳು. ಹೀಗೆ ಎಲ್ಲವೂ ತಮ್ಮ ಕನಿಷ್ಠ ತೂಕಕ್ಕಿಂತ ಕೂದಲೆಳೆಯಷ್ಟು ಮೇಲೆ ಬಂದು ನಿಂತಾಗ, ಇಂಜಿನ್ನಿನಲ್ಲಿ ಕೆತ್ತಲು ಏನೂ ಉಳಿಯಲಿಲ್ಲ. ಆಗ ಅವಳ ಕಣ್ಣು ನನ್ನ ಮೇಲೆ ಬಿತ್ತು.

ಮೊದಲು ನನ್ನ ಬೆಲ್ಟಿನ ಬಕಲ್ ಹೋಯಿತು, ಬೆನ್ನಿಗೇ ಶೂಗಳ ಹಿಮ್ಮಡಿ. ಮೀಸೆಯನ್ನು ಬೋಳಿಸಿ ಕಾಗದಕ್ಕೆ ಹಾಕಿ ತೂಗಿದರೆ ತಕ್ಕಡಿ ಸೊನ್ನೆಯಿಂದ ಅಲುಗಲೇ ಇಲ್ಲ. ಇಷ್ಟು ವರ್ಷ ಅದನ್ನು ಹುರಿಮಾಡಿಕೊಂಡು ಮೆರೆದದ್ದಕ್ಕೆ ನನಗೇ ನಾಚಿಕೆಯಾಯಿತು. ನನ್ನ ತಟ್ಟೆಗೆ ಬೀಳುವ ಪ್ರತಿ ತುತ್ತೂ ಈಗ ಪಿಸ್ಟನ್‌ಗಳ ತಕ್ಕಡಿ ಹತ್ತಿಳಿದೇ ಬರುತ್ತದೆ, ಅದರಲ್ಲಿ ಇಂಜಿನ್ ಆಯಿಲ್ ವಾಸನೆಯನ್ನು ಪುಕ್ಕಟೆಯಾಗಿ ಕೊಡಲಾಗುತ್ತದೆ. ಮನೆಯಲ್ಲಿ ನನ್ನ ಪರ ನಿಂತವರು ಅತ್ತೆಯೊಬ್ಬರೇ: "ಅಳಿಯಂದ್ರನ್ನ ಲೇತಿಗೆ ಕಟ್ಬೇಡ ಕಣೇ, ತೆಗೆದಿದ್ದನ್ನ ಮತ್ತೆ ಅಂಟಿಸೋಕಾಗಲ್ಲ!" ಇಷ್ಟೆಲ್ಲ ಆದರೂ ನಾದಿನಿ ನನಗಿಂತ ಒಂದು ಗೇರ್‌ಬಾಕ್ಸಿನಷ್ಟು ಹಗುರವಾಗಿಯೇ ಉಳಿದಳು.

ಆದಕಾರಣ ತಾವು ದಯಮಾಡಿ ನನ್ನನ್ನು ಇಂಜಿನ್ನಿನ ಬಿಡಿಭಾಗವೆಂದು ಘೋಷಿಸಿ, ನನಗೂ ಒಂದು ಕನಿಷ್ಠ ತೂಕವನ್ನು, ಸಾಧ್ಯವಾದರೆ ಮೀಸೆಯ ಸಮೇತ, ಗೊತ್ತುಪಡಿಸಬೇಕಾಗಿ ಪ್ರಾರ್ಥನೆ. ಆ ರಕ್ಷಣೆ ತಿರುಗುವ ಭಾಗಗಳಿಗೆ ಮಾತ್ರ ಎಂದು ತಕರಾರು ತೆಗೆಯುವುದಾದರೆ, ತಮ್ಮ ಕಚೇರಿಯ ತಿರುಗುವ ಕುರ್ಚಿಯಲ್ಲಿ ನನ್ನನ್ನು ಕೂರಿಸಿ, ಗುಮಾಸ್ತರ ಕೈಯಿಂದ ತಳ್ಳಿಸಿರಿ. ತಾವು ಸಾಕೆನ್ನುವವರೆಗೂ ತಿರುಗುತ್ತೇನೆ. ಮನೆಯಲ್ಲಿ ಅಭ್ಯಾಸ ಮಾಡಿ ನೋಡಿದ್ದೇನೆ, ವೇಗ ಹೆಚ್ಚಿದಾಗ ಎಡಕ್ಕೆ ಕೊಂಚ ವಾಲುತ್ತೇನೆ. ಸಮತೂಕಕ್ಕೆಂದು ಕ್ರ್ಯಾಂಕಿಗೆ ಮಾಡುವಂತೆ ಭಾರದ ಕಡೆ ತೂತು ಕೊರೆಯುವುದೊಂದನ್ನು ಬಿಟ್ಟು ಬೇರೆ ಯಾವ ತಿದ್ದುಪಡಿಗೂ ನನ್ನ ಒಪ್ಪಿಗೆಯಿದೆ. ಪಾಸಾದ ಭಾಗಗಳಿಗೆ ತಾವು ಬಳಿಯುವ ಹಸಿರು ಬಣ್ಣವನ್ನು ನನ್ನ ಬೆನ್ನಿಗೆ ಬಳಿದರೂ ಸಂತೋಷವೇ.

ತಮಾಷೆ ಪಕ್ಕಕ್ಕಿಟ್ಟು ಹೇಳುತ್ತೇನೆ, ಆ ಸೀಟು ಕೈತಪ್ಪುವುದೆಂದರೆ ನನಗೆ ಸಂಕಟವಾಗುತ್ತದೆ. ದೀಪ ಹಸಿರಾದ ಕೂಡಲೇ ನನ್ನವಳು ಕಟ್ಟಿದ ಇಂಜಿನ್ ನನ್ನನ್ನು ಸೀಟಿಗೆ ಒತ್ತಿ ಹಿಡಿದು ಓಡುತ್ತದಲ್ಲ, ಅವಳ ಕೈಕೆಲಸ ಎಂಥದೆಂದು ಮೈಯಿಂದ ಬಲ್ಲವನು ಪ್ರಪಂಚದಲ್ಲಿ ನಾನೊಬ್ಬನೇ. ಅದನ್ನು ನಾದಿನಿಯ ಜೊತೆ ಹಂಚಿಕೊಳ್ಳಲು ನನಗೆ ಮನಸ್ಸಿಲ್ಲ.

ಯಾವ ನಿಯಮದ ನೆರಳೂ ಇಲ್ಲದ,
ತಮ್ಮ ವಿಶ್ವಾಸಿ,
ಕೆಂಪು ಕಾರಿನ ಹೆಚ್ಚುವರಿ ಭಾರ

ಮರೆತ ಮಾತು: ಇದನ್ನು ಅಂಚೆಗೆ ಹಾಕುವ ಮೊದಲೇ ನಾದಿನಿ ಕಾರನ್ನು ಓಡಿಸಿ ನೋಡಿದಳು, ನನಗಿಂತ ಬೇಗ ಗುರಿ ಮುಟ್ಟಿದಳು. ನನ್ನ ಹೆಂಡತಿ ಕಡಲೆಕಾಯಿ ಸುಲಿದು ತಿನ್ನುತ್ತ ಹಾಯಾಗಿ ನಿಂತಿದ್ದಳು. ತಂಗಿ ಗೆದ್ದಳೆಂದು ಇಷ್ಟು ಖುಷಿಯೇ ಎಂದು ಮುಖ ಊದಿಸಿಕೊಂಡು ಕೇಳಿದೆ. "ನೀವು ಒಳಗಿದ್ರೆ ನಾನು ಭಯಕ್ಕೆ ಕಣ್ಣು ಮುಚ್ಕೊಂಡ್‌ಬಿಡ್ತೀನಿ. ನನ್ನ ಇಂಜಿನ್ ಓಡೋದನ್ನ ನಾನು ನೋಡಿದ್ದೇ ಇವತ್ತು ಕಣ್ರೀ" ಎಂದಳು. ಆದ್ದರಿಂದ ನನ್ನ ಬೇಡಿಕೆಯನ್ನು ಹಿಂದಕ್ಕೆ ಪಡೆದಿದ್ದೇನೆ, ಸೀಟು ನಾದಿನಿಗೇ ಇರಲಿ. ಆದರೆ ಹೆಲ್ಮೆಟ್ ತೆಗೆಯುತ್ತ ಬಂದ ಅವಳ ಕಿವಿಗೂ ಅಕ್ಕನ ಈ ಮಾತು ಬಿದ್ದುಬಿಟ್ಟಿದೆ. ಚಾಲಕರ ಸುರಕ್ಷತೆಯ ಬಗ್ಗೆ ತಮಗೆ ಬರೆಯಲು ಅವಳೀಗ ಪೆನ್ನು ಹುಡುಕುತ್ತಿದ್ದಾಳೆ. ಅವಳಿಗೆ 'ಮಾನ್ಯರೇ' ಎಂದು ಶುರುಮಾಡುವ ಅಭ್ಯಾಸವಿಲ್ಲ.